ಮಣ್ಣುರೊಟ್ಟಿ ಬೇಯುವ ಒಲೆ

"ಮರ ಬೇಕಾ, ಕಡ್ಕೋ. ಜೊಂಡು ಬೇಕಾ, ಕೊಯ್ಕೋ. ನನ್ನ ಎತ್ತು ಬೇಕಾದ್ರೂ ಹೊಡ್ಕೊಂಡು ಹೋಗು ಅಳಿಯಾ, ಬೇಡ ಅನ್ನಲ್ಲ. ಆ ಕೊನೇ ಗುಂಡಿಯೊಳಗಿನ ಒಲೆ ಕಲ್ಲು ಮಾತ್ರ ಮುಟ್ಬೇಡ."

ರಾದಿಮ್ ಇಷ್ಟು ಹೇಳಿ ಕೊಡಲಿ ಮಸೆಯಲು ತಿರುಗಿದ. ವಿತಾನ್ ಬಿಡುವವನಲ್ಲ.

"ಯಾಕೆ ಮಾವ?"

"ಮುಟ್ಬೇಡ ಅಂದೆ, ಅಷ್ಟೆ."

"ಅದೇ, ಯಾಕೆ ಅಂತ."

"ಯಾಕೆ ಅಂತ ಕೇಳ್ಬೇಡ. ಒಳ್ಳೇದಲ್ಲ."

ಕಾರಣ ಹೇಳದ ಬುದ್ಧಿಮಾತು ಇದೆಯಲ್ಲ, ಅದಕ್ಕಿಂತ ಕೆಟ್ಟ ಆಮಿಷ ಈ ಲೋಕದಲ್ಲಿ ಇನ್ನೊಂದಿಲ್ಲ. ರಾದಿಮ್ ಊರಿಗೆ ಹಿರಿಯ. ಧಾನ್ಯದ ಹಗೇವಿನ ಮುಚ್ಚಳ ತೆಗೆಯುವವನೂ ಅವನೇ, ಹಾಕುವವನೂ ಅವನೇ. ಅಂಥವನಿಗೆ ಒಂದು ನಿಜ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ವಿತಾನ್ ನಕ್ಕ. "ನಮ್ಮೂರಲ್ಲೂ ಒಬ್ಳು ಮಂತ್ರಗಾತಿ ಇದ್ಲು ಮಾವ. ಕುದುರೆಯೋರು ಲೂಟಿಗೆ ಬಂದಾಗ ಊರ ಸುತ್ತ ಬೂದಿ ಗೆರೆ ಎಳೆದ್ಲು. ಮೊದಲನೇ ಬಾಣ ಅವಳಿಗೇ ಬಿತ್ತು. ಮಾಟ ಮಂತ್ರ ಎಲ್ಲ ಹೊಟ್ಟೆ ತುಂಬಿದೋರ ಆಟ."

ಹೊಟ್ಟೆ ತುಂಬಿದವರು ಎಂಬ ಮಾತಿಗೆ ರಾದಿಮನ ಮಸೆಯುವ ಕೈ ನಿಂತಿತು. ಆದರೆ ಅವನು ತಲೆ ಎತ್ತಲಿಲ್ಲ.

ವಿತಾನನ ಊರು ಬೇಸಿಗೆಯ ಕೊನೆಯಲ್ಲಿ ಸುಟ್ಟುಹೋಗಿತ್ತು. ಉಟ್ಟ ಬಟ್ಟೆ, ಒಂದು ಕೊಡಲಿ, ಆರು ತಿಂಗಳ ಬಸುರಿ ಹೆಂಡತಿ ನೇಗಾ, ಇಷ್ಟನ್ನು ಉಳಿಸಿಕೊಂಡು ಅವನು ಜೌಗಿನ ದಾರಿಯಲ್ಲಿ ಅವಳ ಸೋದರಮಾವನ ಊರಿಗೆ ಬಂದಿದ್ದ. ಹೊಳೆಯ ದಂಡೆಯ ಮೇಲೆ ಸಾಲಾಗಿ ಹನ್ನೊಂದು ಮನೆ. ಹನ್ನೆರಡನೆಯದು ಚಾವಣಿ ಕುಸಿದ ಬರೀ ಗುಂಡಿ. ತುರಿಚಿ ಗಿಡ ಎದೆಯೆತ್ತರ ಬೆಳೆದಿತ್ತು. ಊರಿನ ಹಂದಿಗಳು ಎಲ್ಲ ಕಡೆ ಮೂತಿ ಹಾಕುತ್ತಿದ್ದವು, ಅಲ್ಲಿ ಮಾತ್ರ ಹಾಕುತ್ತಿರಲಿಲ್ಲ.

ವಿತಾನ್ ಸಾಲಿನ ಈಚೆ ತುದಿಯಲ್ಲಿ ತನ್ನ ಮನೆಗೆ ಸೊಂಟದಾಳ ಅಗೆದ, ಪೈನ್ ದಿಮ್ಮಿ ಜೋಡಿಸಿದ, ಮೇಲೆ ಜೊಂಡು ಹೊದಿಸಿದ. ಉಳಿದದ್ದು ಒಲೆ. ಪ್ರಿಪ್ಯಾತ್ ಹೊಳೆಯ ಆ ಭಾಗದಲ್ಲಿ ಅಗೆದರೆ ಕೆಸರು, ಕೆಸರಿನ ಕೆಳಗೆ ಮರಳು. ಮುಷ್ಟಿಗಾತ್ರದ ಕಲ್ಲು ಬೇಕೆಂದರೂ ದೋಣಿಯಲ್ಲಿ ಎರಡು ದಿನ ಮೇಲಕ್ಕೆ, ಹೊಳೆ ನಡೆದು ದಾಟುವ ಹಾಯ್ಗಡದ ತನಕ ಹೋಗಬೇಕು. ಒಲೆಗೆ ಬೇಕಾದಷ್ಟು ಕಲ್ಲಿಗೆ ನಾಲ್ಕೈದು ಸಲವಾದರೂ ಹೋಗಿಬರಬೇಕು. ಹಸಿಮಣ್ಣಲ್ಲಿ ಕಟ್ಟೋಣವೆಂದರೆ ಎಲೆ ಉದುರಲು ಶುರುವಾಗಿತ್ತು. ಮಣ್ಣು ಒಣಗುವ ಮೊದಲೇ ಹಿಮ ಕಚ್ಚಿ ಒಲೆ ಬಿರಿಯುತ್ತದೆ. ಒಲೆಯಿಲ್ಲದ ಮನೆಯಲ್ಲಿ ಚಳಿಗಾಲದ ಬಾಣಂತಿ ಬದುಕುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮೊದಲ ಹೆಂಡತಿ ಹಾಗೇ ಸತ್ತಿದ್ದಳು, ಮಗುವಿನ ಸಮೇತ.

ಓಕ್ ಕಾಯಿ ಉದುರುವ ವಾರ ಊರಿಗೆ ಊರೇ ಹಂದಿ ಹೊಡೆದುಕೊಂಡು ಕಾಡಿಗೆ ಹೋಯಿತು. ನೇಗಾಳನ್ನೂ ಮಾವನ ಮನೆಯವರು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ವಿತಾನ್ "ನಾನು ಹಾಯ್ಗಡಕ್ಕೆ ಹೋಗ್ಬರ್ತೀನಿ" ಎಂದು ದೋಣಿ ಬಿಟ್ಟ. ಹೊಳೆಯ ತಿರುವು ದಾಟಿದ್ದೇ ದೋಣಿಯನ್ನು ಜೊಂಡಿನಲ್ಲಿ ನಿಲ್ಲಿಸಿ, ಊರು ಖಾಲಿಯಾದ ಮೇಲೆ ಹಿಂದಕ್ಕೆ ಬಂದ.

ಹಾಡಹಗಲು. ತುರಿಚಿ ಗಿಡ ಸವರಿ ಕುಸಿದ ಜೊಂಡು ಎತ್ತಿ ಕೆಳಗಿಳಿದರೆ ಗುಂಡಿಯೊಳಗೆ ಮುಸ್ಸಂಜೆಯ ಕತ್ತಲು. ಹಳೇ ಬೂದಿ ನೆನೆದ ವಾಸನೆ, ಇಲಿ ಉಚ್ಚೆಯ ಘಾಟು, ಅದರ ಅಡಿಯಲ್ಲಿ ಇನ್ನೊಂದು: ಹುಳಿತ ಮೊಲೆಹಾಲಿನ ವಾಸನೆ. ಎಷ್ಟೋ ವರ್ಷ ಖಾಲಿ ಬಿದ್ದ ಜಾಗದಲ್ಲಿ ಅದು ಎಲ್ಲಿಂದ ಬರಬೇಕು? ವಿತಾನ್ ಮೂಗು ಒರೆಸಿಕೊಂಡ. ಮೂಲೆಯಲ್ಲಿ ಒಲೆ ಒಂದು ಕಲ್ಲೂ ಅಲುಗದೆ ನಿಂತಿತ್ತು. ಅದರ ಬಾಯಿಗೆ ಮಣ್ಣು ಮೆತ್ತಿ ಯಾರೋ ಮುಚ್ಚಿದ್ದರು.

ಕೊಡಲಿ ತಲೆಯಿಂದ ಎರಡು ಏಟು. ಮಣ್ಣು ಉದುರಿತು. ಒಳಗೆ ಕೈ ಹಾಕಿದರೆ ಮೂರು ರೊಟ್ಟಿ. ಸುಟ್ಟ ಮಣ್ಣಿನ ರೊಟ್ಟಿ. ಎರಡು ಚಿಕ್ಕವು, ಅಂಗೈಯಗಲ. ಅವುಗಳ ಮೇಲೆ ಪುಟ್ಟ ಪುಟ್ಟ ಬೆರಳೊತ್ತಿದ ಗುರುತು. ಇನ್ನೊಂದು ದೊಡ್ಡದು, ಮೇಲೆ ಉಗುರಲ್ಲಿ ಗೀರಿದ ಅಡ್ಡ-ಉದ್ದ ಗೆರೆ.

"ಓಹೋ, ಊಟ ಇಟ್ಟು ಕಾಯ್ತಾ ಇದ್ರಾ?" ಎಂದ ವಿತಾನ್, ಜೋರಾಗಿ. ಖಾಲಿ ಗುಂಡಿಯಲ್ಲಿ ಯಾರಿಗೆ ಕೇಳಲೆಂದು ಅಷ್ಟು ಜೋರಾಗಿ ಹೇಳಿದನೋ. ದೊಡ್ಡ ರೊಟ್ಟಿಯನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಮೆಟ್ಟಿದ. ಅದು ಒಡೆಯಿತು. ಒಳಗೆ ಹೆಣೆದ ಹೆಂಗಸಿನ ಜಡೆ ಸುರುಳಿ ಸುತ್ತಿಕೊಂಡಿತ್ತು. ಸುರುಳಿಯ ನಡುವೆ ಎರಡು ಹಾಲುಹಲ್ಲು.

ಸುಳ್ಳೇಕೆ? ವಿತಾನ್ ಮೆಟ್ಟಿಲ ತನಕ ಹಿಂದೆ ಸರಿದ. ಆಮೇಲೆ ನೇಗಾಳ ಹೊಟ್ಟೆ ನೆನಪಾಯಿತು. ಜಡೆ, ಹಲ್ಲು, ಚೂರು ಎಲ್ಲವನ್ನೂ ಕಾಲಿಂದ ತಳ್ಳಿ ಕಲ್ಲು ಕೀಳಲು ಕೂತ. ಮುಗಿಯುವಷ್ಟರಲ್ಲಿ ಅಂಗೈ ಒಡೆದಿತ್ತು. ಚಿಕ್ಕ ರೊಟ್ಟಿ ಎರಡನ್ನೂ ಕಲ್ಲಿನ ಜೊತೆಗೇ ದೋಣಿಗೆ ಹಾಕಿದ. ಒಲೆ ಕಟ್ಟುವಾಗ ಸಂದಿಗೆ ಚಕ್ಕೆ ಬೇಕಾಗುತ್ತದಲ್ಲ. ಬಿಸಾಡಲು ಮನಸ್ಸಾಗದ ಬಡವನ ಬುದ್ಧಿ ಅದು.

ಊರು ಮರಳುವ ಹೊತ್ತಿಗೆ ವಿತಾನನ ಮನೆಯ ಮೂಲೆಯಲ್ಲಿ ಒಲೆ ಎದ್ದಿತ್ತು. ರಾದಿಮ್ ಮೆಟ್ಟಿಲಲ್ಲೇ ನಿಂತು ಇಣುಕಿದ.

"ಹಾಯ್ಗಡದ ಕಲ್ಲಾ? ಒಂದೇ ಸಲಕ್ಕೆ ಇಷ್ಟೊಂದಾ?"

"ಹೂಂ ಮಾವ. ತೋಳಲ್ಲಿ ಕಸುವಿದೆ."

"ಮಸಿ ಹಿಡಿದ ಹಾಗಿದೆಯಲ್ಲ."

"ಒಲೆ ಹಚ್ಚಿ ಒಣಗಿಸ್ದೆ. ಮಸಿ ಹಿಡೀದೆ ಇನ್ನೇನು ಬೆಣ್ಣೆ ಹಿಡಿಯುತ್ತಾ?"

ಮಾವ ತಲೆಯಾಡಿಸಿ ಹೋದ. ನಂಬಿದನೋ, ನಂಬುವುದೇ ಸುಖ ಎಂದುಕೊಂಡನೋ. ನೇಗಾ ಮಾತ್ರ ಗಂಡನ ಒಡೆದ ಅಂಗೈಗೆ ಜೇನು ಸವರಿ, "ಎರಡು ದಿನ ಹುಟ್ಟು ಹಾಕಿದ್ಯಾ ಈ ಕೈಯಲ್ಲಿ? ನಮ್ಮ ಮಗೂಗೆ ನಿನ್ನ ಹಟ ಬರದಿದ್ರೆ ಸಾಕು" ಎಂದು ನಕ್ಕಳು. ಆ ನಗು ಕಂಡು ವಿತಾನನಿಗೆ ತಾನು ಮಾಡಿದ್ದು ಸರಿ ಎನಿಸಿತು.

ಮೊದಲ ಹಿಮ ಬಿದ್ದ ಮರುದಿನ. ಮಧ್ಯಾಹ್ನ. ಕಿಟಕಿಯಿಲ್ಲದ ಮನೆ, ಬಾಗಿಲಿಗೆ ತೊಗಲ ಪರದೆ, ತಲೆಯ ಮಟ್ಟಕ್ಕೆ ಹೊಗೆ. ವಿತಾನ್ ಬಲೆ ಹೆಣೆಯುತ್ತಿದ್ದ. ನೇಗಾ ಬರಗಿನ ಹಿಟ್ಟು ತಟ್ಟಿ ಹಂಚಿನ ಮೇಲೆ ಹಾಕಿ ಒಲೆಗೆ ತಳ್ಳಿದಳು.

"ಏನಂದೆ?" ಎಂದಳು ತಿರುಗಿ.

"ಯಾರು? ನಾನೇನೂ ಅನ್ಲಿಲ್ಲ."

"ಬೆಂತಾ ಅಂತ ಕೇಳ್ದ ಹಾಗಾಯ್ತು."

"ನಿನ್ನ ಹೊಟ್ಟೇಲಿರೋನು ಕೇಳಿರ್ಬೇಕು. ಈಗ್ಲೇ ಹಸಿವು, ಹುಟ್ಟಿದ ಮೇಲೆ ಹೆಂಗೋ ಪುಣ್ಯಾತ್ಮ."

ಇಬ್ಬರೂ ನಕ್ಕರು. ರೊಟ್ಟಿ ಬೆಂದು ಬಂತು. ಕಚ್ಚಿದರೆ ಹಲ್ಲಿಗೆ ಕರಕರ. ಬೀಸುವ ಕಲ್ಲು ಸವೆದಿರಬೇಕು ಎಂದ ವಿತಾನ್. ಮರುದಿನವೂ ಕರಕರ. ನಾಲ್ಕನೇ ದಿನ ಅವನು ತನ್ನ ಪಾಲನ್ನು ಬಾಯಿಂದ ತೆಗೆದು ನೋಡಿದ. ಕೆಂಪು ಮಣ್ಣು, ಹಸಿಯಾದದ್ದು. ಎದುರಿಗೆ ನೇಗಾ ಅದನ್ನೇ ಮೆಲ್ಲಗೆ, ರುಚಿ ಹಿಡಿದು ಅಗಿಯುತ್ತಿದ್ದಳು.

ಅವನು ವೇಲಜ್ಜಿಯ ಹತ್ತಿರ ಓಡಿದ. ಊರಿಗೆ ಸೂಲಗಿತ್ತಿಯೂ ಅವಳೇ, ನಾಟಿ ಔಷಧಿಯವಳೂ ಅವಳೇ. ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕುಬಿಟ್ಟಳು. "ಮಣ್ಣು ತಿಂತಾಳಾ? ಬಸುರಿ ಬಯಕೆ ಕಣೋ ಮಂಕೇ. ನಾನು ನನ್ನ ಹಿರೀ ಮಗನ ಬಸುರಲ್ಲಿ ಅರ್ಧ ಗೋಡೇನೇ ತಿಂದಿದ್ದೆ. ಹೋಗು, ಹೋಗು."

ವಿತಾನನಿಗೆ ಬೇಕಾದ ಉತ್ತರ ಅದೇ. ಬಯಕೆ! ಎಷ್ಟು ಸಲೀಸು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದ, ಇನ್ನೂ ಹತ್ತು ದಿನ ಹಿಡಿದುಕೊಂಡಿದ್ದ. ಆ ಹತ್ತು ದಿನದಲ್ಲಿ ನೇಗಾಳ ಕೆನ್ನೆ ಒಳಕ್ಕೆ ಹೋಯಿತು. ಮೊಣಕೈ ಮೂಳೆ ಚೂಪಾಯಿತು. ಮೂರು ಹೊತ್ತು ತಿನ್ನುವ ಹೆಂಗಸು ಉಪವಾಸ ಬಿದ್ದವಳಂತೆ ಸೊರಗಿದಳು. ಒಲೆ ಧಗಧಗ ಉರಿದರೂ ಕಲ್ಲು ಬಿಸಿಯಾಗದು. ನೀರಿನ ಗಡಿಗೆ ಒಲೆಯ ಪಕ್ಕದಲ್ಲೇ ಹೆಪ್ಪುಗಟ್ಟುತ್ತಿತ್ತು. ಮನೆಯ ತುಂಬ ಹುಳಿತ ಹಾಲಿನ ವಾಸನೆ.

ಒಂದು ಮಧ್ಯಾಹ್ನ ಅವನು ಸೌದೆ ಹೊತ್ತು ಬಂದು ಪರದೆ ಸರಿಸಲು ಕೈ ಎತ್ತಿದ. ಒಳಗೆ ಮಾತು.

"ಬೆಂತಾ?"

ಮಗುವಿನ ದನಿ. ಗಂಟಲು ಒಣಗಿದ ದನಿ. ಅದರ ಹಿಂದೆಯೇ ಇನ್ನೊಂದು, ಇನ್ನೂ ಸಣ್ಣದು: "ಬೆಂತಾ?"

"ಇನ್ನೊಂಚೂರು," ಎಂದಳು ನೇಗಾ, ಅವನು ಎಂದೂ ಕೇಳಿರದ ದನಿಯಲ್ಲಿ. "ಇನ್ನೊಂಚೂರು, ಮಲಗಿ."

ಪರದೆ ಕಿತ್ತು ಒಳಗೆ ನುಗ್ಗಿದ. ನೇಗಾ ಒಬ್ಬಳೇ. ಮೊಣಕೈ ತನಕ ಕೆಂಪು ಮಣ್ಣು. ಒಲೆಯ ಮುಂದೆ ಸಾಲಾಗಿ ಮಣ್ಣಿನ ರೊಟ್ಟಿ, ಒಂದೊಂದರ ಮೇಲೂ ಪುಟ್ಟ ಬೆರಳೊತ್ತಿದ ಗುರುತು. ನೇಗಾಳ ಬೆರಳು ಅಷ್ಟು ಚಿಕ್ಕವಲ್ಲ. ಅವಳು ಗಂಡನತ್ತ ನೋಡಿದಳು, ಗುರುತು ಹಿಡಿಯಲಿಲ್ಲ. ಅವನು ಅವಳ ಹೊಟ್ಟೆಯ ಮೇಲೆ ಕೈ ಇಟ್ಟ. ತಣ್ಣಗಿತ್ತು. ಗಟ್ಟಿಯಾಗಿತ್ತು. ಒಳಗೆ ಮಗು ಅಲುಗಲಿಲ್ಲ.

ಈ ಸಲ ಮನೆಗೆ ಕರೆತಂದಾಗ ವೇಲಜ್ಜಿ ನಗಲಿಲ್ಲ. ಹೊಟ್ಟೆ ಮುಟ್ಟಿದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಒಲೆಯನ್ನು ನೋಡಿದಳು. ಮೂಸಿದಳು. ಹಿಂದೆಯೇ ಬಂದ ರಾದಿಮ್ ಮೆಟ್ಟಿಲಲ್ಲಿ ಬೆವರುತ್ತ ನಿಂತಿದ್ದ.

"ಕಲ್ಲು ಎಲ್ಲಿಂದ ತಂದೆ?" ಎಂದಳು ಅಜ್ಜಿ.

ಈಗಲಾದರೂ ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು. ಆದರೆ ರಾದಿಮ್ ನೋಡುತ್ತಿದ್ದ. ಹೇಳಿದರೆ ಈ ಹಿಮದಲ್ಲಿ ಊರಾಚೆ ಹಾಕುತ್ತಾರೆ, ಬಸುರಿಯ ಸಮೇತ. ಸುಳ್ಳು ಹೇಳಿದವನಿಗೆ ಎರಡನೇ ಸುಳ್ಳು ಯಾವಾಗಲೂ ಹತ್ತಿರದ ದಾರಿ.

"ಹಾಯ್ಗಡದಿಂದ ಅಜ್ಜಿ."

"ನಿಜ ತಾನೆ? ನೋಡು, ನೀರಿನ ಕಲ್ಲಿಗೆ ಮುನಿಸು ಬಂದ್ರೆ ನೀರೇ ಮದ್ದು. ಬೇರೆ ಕಲ್ಲಿಗೆ ನೀರು ಹಾಕಿದ್ರೆ ಮನೆ ಹಾಳಾಗುತ್ತೆ. ಇನ್ನೊಂದ್ಸಲ ಕೇಳ್ತೀನಿ. ಹೊಳೇ ಕಲ್ಲೇನಾ?"

"ಹೊಳೇ ಕಲ್ಲೇ."

ಅಜ್ಜಿ ಹೊಳೆಯ ಹೆಸರು ಹಿಡಿದು ಕರೆದಳು. ಹಿಮ ಒಡೆದು ತಂದ ನೀರನ್ನು ಮೂರು ಸಲ ಒಲೆಯ ನೆತ್ತಿಗೆ ಸುರಿದಳು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ. ಮೂರನೆಯದು ಬಿದ್ದದ್ದೇ ತಡ, ಅಷ್ಟು ದಿನ ತಣ್ಣಗಿದ್ದ ಕಲ್ಲೆಲ್ಲ ಒಂದೇ ಸಲ ಕಾದವು. ಭುಸ್ಸೆಂದು ಹಬೆ. ಮನೆ ಬೆಳ್ಳಗಾಯಿತು. ಕಣ್ಣು ಕಾಣದು. ಉಸಿರು ಆಡದು. ಹಬೆಯೊಳಗಿಂದ ಎರಡು ದನಿ, ಈಗ ಕೇಳುವ ದನಿಯಲ್ಲ, ಕಿರುಚುವ ದನಿ.

"ಬೆಂತಾ? ಬೆಂತಾ? ಬೆಂತಾ?"

ನೇಗಾ ಹೊಟ್ಟೆ ಹಿಡಿದು ಕುಸಿದಳು. ಅವಳಿಗೆ ಹೆರಿಗೆ ನೋವು ಬಂದಿತ್ತು.

ವೇಲಜ್ಜಿಯ ಕೈಯಿಂದ ಗಡಿಗೆ ಬಿತ್ತು. "ಅಯ್ಯೋ ಪಾಪಿ! ಇವು ತೇಶಾಳ ಮಕ್ಕಳು. ಇದು ತೇಶಾಳ ಒಲೆ ಕಣೋ!"

"ತೇಶಾ ಯಾರು?" ಎಂದು ವಿತಾನ್ ಕೂಗಿದ. "ಯಾರೂ ಹೇಳ್ಲಿಲ್ಲ ನಂಗೆ! ಯಾರಾದ್ರೂ ಬಾಯಿ ಬಿಟ್ರಾ?"

ಅಜ್ಜಿ ನೇಗಾಳ ಬೆನ್ನು ಹಿಡಿದು ಕೂರುತ್ತ ರಾದಿಮನ ಕಡೆ ತಿರುಗಿದಳು. "ಹೇಳು. ಈಗಲಾದ್ರೂ ಹೇಳು."

ರಾದಿಮ್ ಹೇಳಿದ. ಹತ್ತು ಚಳಿಗಾಲದ ಹಿಂದೆ ಬರ ಬಿದ್ದಿತ್ತು. ತೇಶಾಳ ಗಂಡ ಕುದುರೆಯವರಿಗೆ ಜೌಗಿನ ದಾರಿ ತೋರಿಸಿ ಅವರ ಹಿಂದೆಯೇ ಓಡಿಹೋಗಿದ್ದ. ಅವನ ಹೆಂಡತಿ ಮಕ್ಕಳಿಗೆ ಹಗೇವಿನಿಂದ ಒಂದು ಹಿಡಿ ಕಾಳೂ ಇಲ್ಲ ಎಂದು ಊರು ತೀರ್ಮಾನಿಸಿತು. ಮುಚ್ಚಳ ಹಾಕಿದ ಕೈ ರಾದಿಮನದು. ತೇಶಾ ಹಸಿದ ಮಕ್ಕಳ ಅಳು ತಡೆಯಲಾರದೆ ಮಣ್ಣಿನ ರೊಟ್ಟಿ ತಟ್ಟಿ ಒಲೆಗೆ ಹಾಕಿದಳು, ಮಕ್ಕಳ ಕೈಯಲ್ಲೇ ಬೆರಳೊತ್ತಿಸಿ. ಬೆಂತಾ ಎಂದು ಕೇಳಿದಾಗಲೆಲ್ಲ ಇನ್ನೊಂಚೂರು, ಮಲಗಿ ಎಂದಳು. ಮೂರನೇ ಮಧ್ಯಾಹ್ನ ಅವು ಕೇಳುವುದನ್ನು ನಿಲ್ಲಿಸಿದವು.

"ಆಮೇಲೆ ನನ್ನ ಬಾಗಿಲಿಗೆ ಬಂದ್ಲು," ಎಂದ ರಾದಿಮ್. "ತಲೆ ಬೋಳಿಸ್ಕೊಂಡಿದ್ಲು. ನನ್ನ ಒಲೆ ಮುಟ್ಟಿದೋರ ಮನೆ ನನ್ನ ಮಕ್ಕಳದ್ದು, ನನ್ನ ರೊಟ್ಟಿ ಮುರಿದೋರು ನನ್ನ ಮಕ್ಕಳಿಗೆ ಉತ್ತರ ಹೇಳ್ಲಿ ಅಂದ್ಲು. ಹೊಳೆಗೆ ಹೋದ್ಲು. ಹಿಮ ಒಡೆದು…" ಅವನು ಓಡಿಹೋಗಿ, ತನ್ನ ಮನೆಯಿಂದ ಒಂದು ಮೊರ ತುಂಬ ಬರಗು ತಂದು ಒಲೆಯ ಬಾಯಿಗೆ ಸುರಿದ. "ತಗೊಳ್ರೋ, ತಿನ್ರೋ, ನಂದೇ ತಪ್ಪು!" ಕಾಳು ಬೆಂಕಿಗೆ ಬೀಳುತ್ತಲೇ ಕೆಂಪು ಮಣ್ಣಾಗಿ ಉದುರಿತು.

"ಹೊಟ್ಟೆ ಇದ್ದಾಗ ಕೊಡ್ಲಿಲ್ಲ," ಎಂದಳು ಅಜ್ಜಿ. "ಈಗ ಯಾರಿಗೆ ಕೊಡ್ತೀಯಾ?" ನೇಗಾ ಚೀರಿದಳು. ಅಜ್ಜಿ ವಿತಾನನ ತೋಳು ಹಿಡಿದಳು. "ದೊಡ್ಡ ರೊಟ್ಟಿ ಇತ್ತಾ? ಏನು ಮಾಡ್ದೆ?"

"ಮುರಿದೆ."

"ಹಾಗಾದ್ರೆ ಉತ್ತರ ಹೇಳ್ಬೇಕಾದೋನು ನೀನು. ಅವು ನಿನ್ನ ಹೆಂಡ್ತೀನ ತಾಯಿ ಅಂದ್ಕೊಂಡಿವೆ. ಇನ್ನೊಂದು ಮಗು ಬರೋಕೆ ಬಿಡಲ್ಲ. ಕಲ್ಲು ತಗೊಂಡು ಹೋಗಿ ಎಲ್ಲಿತ್ತೋ ಅಲ್ಲೇ ಕಟ್ಟು. ನಿನ್ನ ಕೈಯಲ್ಲೇ. ಅಲ್ಲೇ ಕೂತ್ಕೋ. ಕೇಳಿದಾಗ ಅವಳು ಹೇಳ್ತಿದ್ದ ಮಾತೇ ಹೇಳು, ಒಂದು ದಿನಾನೂ ತಪ್ಪಿಸ್ಬೇಡ. ತಪ್ಪಿಸಿದ್ರೆ ನಿನ್ನ ಹೆಂಡ್ತಿ ಬಾಗಿಲಿಗೆ ಬಂದು ಕೇಳ್ತವೆ. ಇನ್ನೊಂದು ಮಾತು, ನೆನಪಿಟ್ಕೋ. ಆ ಉತ್ತರನ ಬದುಕಿರೋ ಮಗುವಿಗೆ ಮಾತ್ರ ಹೇಳ್ಬೇಡ. ಹೇಳಿದ್ಯೋ, ಆ ಮಗೂನೂ ಅವರದೇ."

"ಎಷ್ಟು ದಿನ ಕೂರ್ಬೇಕು?"

ಅಜ್ಜಿ ಆಗಲೇ ನೇಗಾಳ ಕಡೆ ತಿರುಗಿದ್ದಳು.

ವಿತಾನ್ ಒಲೆಗೆ ಕೈ ಹಾಕಿದ. ಕಲ್ಲು ಕಾದಿತ್ತು. ಅಂಗೈ ಚುರ್ರೆಂದಿತು. ಕೈಗೆ ಬಟ್ಟೆ ಸುತ್ತಿದ, ಬಟ್ಟೆ ಹೊತ್ತಿತು. ಬರಿಗೈ. ಮೊದಲ ಕಲ್ಲು ಎದೆಗವಚಿ ಓಡಿದ. ಹಿಮ. ಹನ್ನೊಂದು ಬಾಗಿಲು. ಬಾಗಿಲುಗಳಲ್ಲಿ ಮುಖಗಳು. ಯಾರೂ ಹೊರಗೆ ಬರಲಿಲ್ಲ. ಗುಂಡಿಗೆ ಇಳಿದ. ಇಟ್ಟ. ಮತ್ತೆ ಓಡಿದ. ಎರಡನೇ ಕಲ್ಲು. ಚರ್ಮ ಸುಲಿದು ಕಲ್ಲಿಗಂಟಿತು. ಹತ್ತನೇ ಕಲ್ಲು. ನೇಗಾಳ ಚೀರಾಟ ಸ್ವಲ್ಪ ತಗ್ಗಿತು. ಓಡಿದ. ಬಿದ್ದ. ಎದ್ದ. ಬೆರಳು ಮಡಿಸಲು ಬಾರದು. ಮೊಣಕೈಗಳ ನಡುವೆ ಒತ್ತಿ ಹಿಡಿದ. ಇಪ್ಪತ್ತು. ಮೂವತ್ತು. ಕೊನೆಗೆ ಎರಡು ಚಿಕ್ಕ ರೊಟ್ಟಿ. ಅವು ಮಾತ್ರ ಬೆಚ್ಚಗಿದ್ದವು, ಮಲಗಿದ ಮಗುವಿನ ಕೆನ್ನೆಯಷ್ಟು.

ಅವನ್ನು ಎತ್ತಿಕೊಳ್ಳುವಾಗ ನೇಗಾ ಕಣ್ಣು ಬಿಟ್ಟಳು. ಈಗ ಗುರುತು ಹಿಡಿದಳು. "ಎಲ್ಲಿಗೆ ಹೋಗ್ತಿದ್ದೀಯಾ?" ಎಂದಳು.

"ಇಲ್ಲೇ," ಎಂದ ವಿತಾನ್. ಅದು ಅವನು ಅವಳಿಗೆ ಹೇಳಿದ ಕೊನೆಯ ಸುಳ್ಳು, ಕೊನೆಯ ಮಾತೂ ಹೌದು.

ಕುಸಿದ ಗುಂಡಿಯಲ್ಲಿ ಒಲೆ ಎದ್ದಿತು. ಜಡೆಯನ್ನೂ ಹಲ್ಲನ್ನೂ ಒಡೆದ ಚೂರುಗಳನ್ನೂ ಹುಡುಕಿ ಒಳಗಿಟ್ಟ. ಒಡೆದದ್ದು ಕೂಡಲಿಲ್ಲ.

"ಬೆಂತಾ?"

ವಿತಾನ್ ಒಲೆಯ ಬಾಯಿಗೆ ಬಾಗಿದ. "ಇನ್ನೊಂಚೂರು," ಎಂದ. "ಇನ್ನೊಂಚೂರು, ಮಲಗಿ."

ಸದ್ದಡಗಿತು. ಆ ನಿಶ್ಶಬ್ದದಲ್ಲಿ ಸಾಲಿನ ಆ ತುದಿಯಿಂದ ಎಳೇ ಮಗುವಿನ ಅಳು ಕೇಳಿತು. ವಿತಾನ್ ಸುಟ್ಟ ಕೈಗಳಲ್ಲಿ ಮುಖ ಮುಚ್ಚಿಕೊಂಡು ತಾನೂ ಅತ್ತ.

ಸತ್ತ ಮಕ್ಕಳ ಜೊತೆ ಕೂತವನೆಂದು ಊರಿನವರು ಅವನನ್ನು ಸತ್ತವರ ಲೆಕ್ಕಕ್ಕೆ ಹಾಕಿದರು. ಹೆಣದ ಬದಲು ಅವನ ಒಂದು ಹಿಡಿ ಕೂದಲು ಸುಟ್ಟು, ಬೂದಿಯನ್ನು ನೇಗಾಳ ಗಂಜಿ ಬೇಯಿಸುವ ಗಡಿಗೆಯಲ್ಲೇ ತುಂಬಿ, ಊರಾಚೆ ಹೂಳಿದರು. ಸತ್ತವನ ಜೊತೆ ಹೆಂಡತಿ ಮಾತಾಡುವ ಹಾಗಿಲ್ಲ. ಆದರೆ ಸತ್ತವರಿಗೆ ಎಡೆ ಇಡುವುದನ್ನು ಯಾರೂ ತಡೆಯುವಂತಿಲ್ಲವಲ್ಲ! ನೇಗಾ ಬಲು ಜಾಣೆ. ದಿನವೂ ಬೆಳಿಗ್ಗೆ ಒಂದು ಪುಟ್ಟ ಗಡಿಗೆಯಲ್ಲಿ ಬರಗಿನ ಗಂಜಿ ತಂದು ಆ ಗುಂಡಿಯ ಮೆಟ್ಟಿಲ ಮೇಲಿಟ್ಟು, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಗುಂಡಿಗೆ ಮತ್ತೆ ಜೊಂಡು ಹೊದಿಸಿ ಬಾಗಿಲಿಗೆ ತೊಗಲು ಇಳಿಬಿಟ್ಟಿದ್ದ ವಿತಾನ್ ಆ ಪರದೆಯ ಹಿಂದೆ ನಿಂತು ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದ.

ಮಗು ಹೆಣ್ಣು. ಹೆಸರು ಯಾಸ್ನಾ ಎಂದು, ದೂರದಿಂದ ಕೂಗುವುದನ್ನು ಕೇಳಿ ತಿಳಿದುಕೊಂಡ. ಪರದೆಯ ಸಂದಿಯಿಂದ ಒಂದೊಂದು ಸಲ ಕಾಣಿಸುತ್ತಿದ್ದಳು: ಬಾತುಗಳ ಹಿಂದೆ ಓಡುವ ಜೊಲ್ಲು ಮೋರೆ, ಕೆಂಪು ಬಣ್ಣದ ಉಣ್ಣೆ ಟೊಪ್ಪಿಗೆ. ಅವಳಿಗೆ ಮಾತು ಬಂದ ದಿನದಿಂದ ಎಲ್ಲರೂ ಒಂದೇ ಬುದ್ಧಿ ಹೇಳಿದರು. ಕೊನೇ ಗುಂಡಿ ಹತ್ತಿರ ಹೋಗ್ಬೇಡ. ಯಾಕೆ? ಹೋಗ್ಬೇಡ ಅಂದ್ರೆ ಹೋಗ್ಬೇಡ, ಅಷ್ಟೆ.

ಒಬ್ಬರಿಗಾದರೂ ಬುದ್ಧಿ ಬಂದಿತ್ತೇ? ಊರಿಗೆ ಊರೇ ಅನುಭವಿಸಿತ್ತು. ಆದರೂ ಮಗುವಿಗೆ ಕಾರಣ ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ಕಾರಣ ಹೇಳಿದರೆ ಹಗೇವಿನ ವಿಷಯ ಬರುತ್ತದೆ, ಅಪ್ಪನ ವಿಷಯ ಬರುತ್ತದೆ.

ಐದನೇ ಚಳಿಗಾಲ. ಊರಲ್ಲಿ ಜ್ವರ ಹಬ್ಬಿತ್ತು. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ಗಡಿಗೆ ಬರಲಿಲ್ಲ. ವಿತಾನ್ ಪರದೆಯ ಹಿಂದೆ ನಿಂತೇ ಇದ್ದ. ನೇಗಾಳಿಗೂ ಜ್ವರ ಬಂತೇ? ಹೋಗಿ ನೋಡುವ ಹಾಗಿಲ್ಲ. ಯಾರನ್ನೂ ಕೇಳುವ ಹಾಗೂ ಇಲ್ಲ.

ಮಧ್ಯಾಹ್ನವಾಯಿತು. ಹೊಸ ಹಿಮ ಬಿದ್ದು ನಿಂತಿತ್ತು. ಒಳಗೆ ಹೊಗೆ, ಕತ್ತಲು. ಅವನು ರೂಢಿಯಂತೆ ಒಲೆಯ ಮುಂದೆ ಕೂತು ಮಣ್ಣು ತಟ್ಟಿದ.

"ಬೆಂತಾ?" ಎಂದಿತು ದೊಡ್ಡದು. "ಬೆಂತಾ?" ಎಂದಿತು ಚಿಕ್ಕದು.

"ಇನ್ನೊಂಚೂರು, ಮಲಗಿ."

ಎರಡೂ ಸುಮ್ಮನಾದವು. ವಿತಾನನ ಮನಸ್ಸೆಲ್ಲ ಸಾಲಿನ ಆ ತುದಿಯಲ್ಲಿತ್ತು. ಇವತ್ತು ಅವಳ ಒಲೆಯಿಂದ ಹೊಗೆ ಎದ್ದಿತೇ? ಸೌದೆ ಒಡೆದು ಕೊಡುವವರು ಯಾರು? ಬಾಯಿಗೆ ನೀರು ಬಿಡುವವರು ಯಾರು?

"ಬೆಂತಾ?"

"ಇನ್ನೊಂಚೂರು," ಎಂದಿತು ಅವನ ನಾಲಿಗೆ, ಮನಸ್ಸನ್ನು ಕೇಳದೆ. ಐದು ವರ್ಷದ ಅಭ್ಯಾಸ. "ಇನ್ನೊಂಚೂರು, ಮಲಗು."

ಹೇಳಿದ ಮೇಲೆ ಅವನ ಕೈ ನಿಂತಿತು.

ಅವು ದಿನಕ್ಕೆ ಒಂದೇ ಸಲ ಕೇಳುತ್ತಿದ್ದವು. ಎರಡೂ ಸೇರಿ ಕೇಳುತ್ತಿದ್ದವು. ಈಗ ಕೇಳಿದ್ದು ಒಂದೇ ದನಿ. ಗಂಟಲು ಒಣಗಿದ ದನಿಯಲ್ಲ, ನೆಗಡಿಯಾದ ದನಿ. ಮತ್ತೆ, ಅಯ್ಯೋ, ಅದು ಬಂದದ್ದು ಒಲೆಯ ಕಡೆಯಿಂದಲ್ಲ. ಬೆನ್ನ ಹಿಂದಿನಿಂದ. ಬಾಗಿಲಿನಿಂದ.

ತಿರುಗಿದ. ಪರದೆ ಅಲುಗುತ್ತಿತ್ತು. ಯಾರೂ ಇರಲಿಲ್ಲ. ಎದ್ದ. ಓಡಿದ. ಪರದೆ ಕಿತ್ತ. ಬಿಳಿ ಬೆಳಕು ಕಣ್ಣಿಗೆ ಹೊಡೆಯಿತು. ಮೆಟ್ಟಿಲ ಮೇಲೆ ಗಂಜಿಯ ಗಡಿಗೆ. ಅರ್ಧ ದಾರಿಯಲ್ಲೇ ತುಳುಕಿ ಅಂಚೆಲ್ಲ ಗಂಜಿಯಾಗಿತ್ತು, ದೊಡ್ಡವರು ಹಿಡಿದ ಗಡಿಗೆ ಹಾಗೆ ತುಳುಕುವುದಿಲ್ಲ. ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಕೆಂಪು ಉಣ್ಣೆ ಟೊಪ್ಪಿಗೆ ಬಿದ್ದಿತ್ತು. ಅಮ್ಮನಿಗೆ ಏಳಲಾಗದೆ ಹೋದಾಗ ಎಡೆ ತಪ್ಪಬಾರದೆಂದು ಮಗಳೇ ಹೊತ್ತು ತಂದಿದ್ದಳು. ಒಳಗೆ ಯಾರೋ ರೊಟ್ಟಿ ತಟ್ಟುವ ಸದ್ದು ಕೇಳಿ, ಮಕ್ಕಳು ಕೇಳುವುದನ್ನೇ ಕೇಳಿದ್ದಳು.

"ಯಾಸ್ನಾ!" ಎಂದು ಕೂಗಿದ. ಸತ್ತವನು ಕೂಗಬಾರದು ಎಂಬುದು ಮರೆತೇಹೋಗಿತ್ತು. "ಯಾಸ್ನಾ! ಅಮ್ಮಣ್ಣೀ!"

ಹಿಮದ ಮೇಲೆ ಪುಟ್ಟ ಹೆಜ್ಜೆಗಳು ಸಾಲಿನ ಆ ತುದಿಯಿಂದ ಈ ತುದಿಗೆ ಬಂದಿದ್ದವು. ಮೆಟ್ಟಿಲ ಹತ್ತಿರ ಕಾದು ನಿಂತು ತುಳಿದ ಗುರುತಿತ್ತು. ವಾಪಸು ಹೋದ ಹೆಜ್ಜೆ ಒಂದೂ ಇರಲಿಲ್ಲ.

ದೂರದಲ್ಲಿ ನೇಗಾ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಜ್ವರಕ್ಕೆ ತೂರಾಡುತ್ತಿದ್ದಳು. ಐದು ವರ್ಷದ ಮೇಲೆ ಅವಳು ಗಂಡನನ್ನು ನೋಡಿದಳು, ಅವನ ಕೈಯಲ್ಲಿದ್ದ ಕೆಂಪು ಟೊಪ್ಪಿಗೆಯನ್ನು ನೋಡಿದಳು.

ವಿತಾನನ ಹಿಂದೆ, ಗುಂಡಿಯ ಕತ್ತಲಲ್ಲಿ, ಒಲೆ ತಾನಾಗೇ ಹೊತ್ತಿಕೊಂಡಿತು.

"ಬೆಂತಾ?" ಎಂದಿತು ದೊಡ್ಡದು. "ಬೆಂತಾ?" ಎಂದಿತು ಚಿಕ್ಕದು. ಆಮೇಲೆ ಮೂರನೆಯದು, ಮೂಗು ಕಟ್ಟಿದ ದನಿ, ಅವನನ್ನು ಯಾರೂ ಯಾವತ್ತೂ ಕರೆಯದ ಹೆಸರು ಹಿಡಿದು ಕರೆಯಿತು.

"ಅಪ್ಪಾ, ಬೆಂತಾ?"

ನೇಗಾ ಅವನ ಹೆಸರು ಕೂಗುತ್ತ ಹಿಮದಲ್ಲಿ ಬೀಳುತ್ತ ಏಳುತ್ತ ಓಡಿಬರುತ್ತಿದ್ದಳು. ವಿತಾನ್ ಅವಳತ್ತ ಒಂದು ಹೆಜ್ಜೆ ಇಟ್ಟ. ಹಿಂದಿನಿಂದ ಮತ್ತೆ ಕೇಳಿತು. ಉತ್ತರ ಹೇಳದಿದ್ದರೆ ಅವು ಅವಳ ಬಾಗಿಲಿಗೆ ಹೋಗುತ್ತವೆ. ಅವನು ಗಂಜಿಯ ಗಡಿಗೆಯನ್ನು ಎತ್ತಿಕೊಂಡು, ಪರದೆಯನ್ನು ಎಳೆದುಕೊಂಡು, ಒಳಗೆ ಇಳಿದ.

"ಇನ್ನೊಂಚೂರು, ಕಂದಾ," ಎಂದ. "ಇನ್ನೊಂಚೂರು, ಮಲಗು."